ಅತ್ತೆಯ ಜಪಾನ್ ಕೆಸು

ಕೊಡಗಿನಲ್ಲಿ ನೆರಳಿಗೇನು ಬರ? ಕಾಫಿಯನ್ನೇ ಮರದಡಿ ಬೆಳೆಯುವ ಊರು. ನಮ್ಮ ಹಿಂದಿನ ಅಂಗಳದಲ್ಲಂತೂ ಸಿಲ್ವರ್ ಓಕ್, ಹಲಸು ಸೇರಿಕೊಂಡು ಮಧ್ಯಾಹ್ನಕ್ಕೇ ಸಂಜೆ ಮಾಡಿಬಿಡುತ್ತವೆ. ಅಲ್ಲಿ ಗುಲಾಬಿ ಕೊರಗುತ್ತದೆ, ಡೇಲಿಯಾ ಮುನಿಸಿಕೊಳ್ಳುತ್ತದೆ. ಅದಕ್ಕೇ ನೆರಳಲ್ಲೂ ಸುಖವಾಗಿರುವ ಹೋಸ್ಟಾ ತರಿಸಿದೆ. ಚೀನಾ, ಜಪಾನ್, ಕೊರಿಯಾ ಕಡೆಯ ಗಿಡ. ಹೂವಿಗಿಂತ ಎಲೆಯೇ ಚೆಂದ. ಅಂಗೈಯಗಲ, ಮೈತುಂಬ ಉದ್ದುದ್ದ ಗೀರು, ಸುತ್ತ ಬಿಳಿ ಅಂಚು.

ಅತ್ತೆ ಬಗ್ಗಿ ನೋಡಿದರು. “ಇದಕ್ಕೆ ದುಡ್ಡು ಕೊಟ್ಯಾ? ತೋಡಿನ ಬದಿಯಲ್ಲಿ ಕೆಸು ಪುಕ್ಕಟೆ ಇದೆಯಲ್ಲ!”

“ಇದು ಕೆಸು ಅಲ್ಲ ಅತ್ತೆ.”

“ಪತ್ರೊಡೆ ಆಗುತ್ತಾ?”

“ಇಲ್ಲ.”

“ಮತ್ಯಾಕೆ?”

ಗಿಡದ ಮರ್ಯಾದೆ ಉಳಿಸಲು, ಜಪಾನಿನಲ್ಲಿ ಇದರ ಎಳೆ ಚಿಗುರನ್ನು ಬೇಯಿಸಿ ತಿನ್ನುತ್ತಾರೆ ಎಂದೆ. ಅಂದಿನಿಂದ ಅತ್ತೆ ಹಿಂದಿನ ಅಂಗಳಕ್ಕೆ ಹೊರಟರೆ ಮೊದಲು ಅವರ ಕೈ ನೋಡುತ್ತೇನೆ, ಕತ್ತಿ ಇದೆಯಾ ಅಂತ.

ಆದರೆ ತಿಂದವರೇ ಬೇರೆ. ಮಳೆ ಹಿಡಿದದ್ದೇ ತಡ, ಚಿಪ್ಪಿಲ್ಲದ ಬಸವನಹುಳುಗಳು ಬಂದವು. ಹಗಲೆಲ್ಲ ಕುಂಡದಡಿ ನಿದ್ದೆ, ರಾತ್ರಿ ಊಟ. ಬೆಳಗ್ಗೆ ನೋಡಿದರೆ ಎಲೆ ಜರಡಿಯಾಗಿರುತ್ತದೆ, ಅದರ ಮೇಲೆ ಮಿರಮಿರ ಮಿನುಗುವ ಲೋಳೆ ಗೆರೆ. ಬಿಲ್ಲಿಗೆ ಸಹಿ ಹಾಕಿ ಹೋದ ಹಾಗೆ.

ತಟ್ಟೆಯಲ್ಲಿ ಬಿಯರ್ ಇಟ್ಟರೆ ವಾಸನೆಗೆ ಬಂದು ಬಿದ್ದು ಸಾಯುತ್ತವೆ ಎಂದು ಓದಿದ್ದೆ. ನಮ್ಮ ಯಜಮಾನರ ಮುಖ ಸಣ್ಣದಾಯಿತು. “ನೆಂಟರಿಗೆ ಕೊಡೋಣ, ಸರಿ. ಹುಳುವಿಗೂ ನಾನೇ ಕುಡಿಸಬೇಕಾ?” ಕೊನೆಗೂ ಅರ್ಧ ಬಾಟಲಿ ಸಿಕ್ಕಿತು. ಜುಲೈ ಮಳೆ ಕೇಳಬೇಕಲ್ಲ! ತಟ್ಟೆ ತುಂಬಿ ತುಳುಕಿ, ಕುಡಿಯಲು ಬಂದವರನ್ನೆಲ್ಲ ನೇರ ಗಿಡದ ಬುಡಕ್ಕೇ ಇಳಿಸಿತು.

ಕೆಫೀನ್ ದ್ರಾವಣ ಹೊಡೆದರೆ ಇಂಥ ಹುಳುಗಳು ಸಾಯುತ್ತವೆ ಎಂದು ಹವಾಯಿಯ ಸಂಶೋಧಕರು 2002ರಲ್ಲಿ ಬರೆದಿದ್ದರು. ಆದರೆ ಅದು ಶೇ. 1–2ರಷ್ಟು ಗಟ್ಟಿ ಇರಬೇಕು. ಲೋಟದ ಕಾಫಿಯಲ್ಲಿ ಅಷ್ಟೆಲ್ಲಿ? ಆದರೂ ಇರಲಿ ಅಂತ ಫಿಲ್ಟರಿನ ಚರಟ ಸುರಿದೆ. ಕಾಫಿ ತೋಟದಲ್ಲೇ ಹುಟ್ಟಿ ಬೆಳೆದ ಹುಳುಗಳು ಅವು. ಅದರ ಮೇಲೇ ಹಾದು ಹೋದವು.

ಡಿಸೆಂಬರ್‌ಗೆ ಎಲೆಗಳು ಹಳದಿಯಾದವು. ಹೋಸ್ಟಾ ಚಳಿಗಾಲದಲ್ಲಿ ಎಲೆ ಉದುರಿಸಿ ಮಲಗಬೇಕು. ಅದಕ್ಕೆ ವಾರಗಟ್ಟಲೆ ಒಳ್ಳೇ ಚಳಿ ಬೇಕು. ಇಲ್ಲದಿದ್ದರೆ ಮುಂದಿನ ವರ್ಷ ಚಿಗುರು ಸೊರಗುತ್ತದೆ. ನಮ್ಮ ಚಳಿ ಇದಕ್ಕೆ ಸಾಲದು ಎಂದೆ. ಸ್ವೆಟರ್ ಮೇಲೆ ಶಾಲು ಹೊದ್ದು ಒಲೆ ಮುಂದೆ ಕೂತಿದ್ದ ಅತ್ತೆ ನನ್ನನ್ನೇ ನೋಡಿದರು. “ಸಾಲದಿದ್ರೆ ಫ್ರಿಜ್ಜಲ್ಲಿಡು.”

ತಮಾಷೆಗೇ ಅಂದಿದ್ದು. ಆದರೆ ಬಿಸಿಲೂರಿನ ಕೆಲವರು ಹಾಗೇ ಮಾಡುತ್ತಾರಂತೆ! ಈಗ ಕೆಳಗಿನ ಖಾನೆಯಲ್ಲಿ, ಪಂದಿ ಮಾಂಸದ ಡಬ್ಬಿಯ ಪಕ್ಕ, ಕಾಗದ ಸುತ್ತಿದ ಬೇರಿನ ಪೊಟ್ಟಣವಿದೆ. ಮೇಲೆ ದೊಡ್ಡಕ್ಷರದಲ್ಲಿ ಬರೆದಿದ್ದೇನೆ: ಇದು ಪಲ್ಯಕ್ಕಲ್ಲ.