ಬದನೆಕಾಯಿಗೆ ವಾತ ಹಿಡಿದ ಕಥೆ

ನಮ್ಮ ಮನೆಯವರ ವಾಟ್ಸಾಪ್ ಗ್ರೂಪಿನಲ್ಲಿ ಮೊನ್ನೆ ಬೆಳಿಗ್ಗೆ ಒಂದು ಫಾರ್ವರ್ಡ್ ಬಂತು. ಬದನೆಕಾಯಿಗೆ ಸಂಸ್ಕೃತದಲ್ಲಿ 'ವಾತಿಂಗಣ' ಅಂತ ಹೆಸರಂತೆ. ವಾತ ಓಡಿಸುವುದು ಅಂತ ಅದರ ಅರ್ಥವಂತೆ. ಹಿರಿಯರು ಹೆಸರಿನಲ್ಲೇ ಔಷಧಿ ಇಟ್ಟಿದ್ದರಂತೆ. ಕೆಳಗೆ ಸಾಲಾಗಿ ಕೈಮುಗಿಯುವ ಚಿತ್ರಗಳು. ಅರ್ಧ ಗಂಟೆ ಬಿಟ್ಟು ಶನಿವಾರಸಂತೆಯಿಂದ ದೊಡ್ಡಮ್ಮನ ವಾಯ್ಸ್ ಮೆಸೇಜು: "ಯಾರೋ ಅದನ್ನ ಬರೆದವನು? ಬದನೆ ತಿಂದ ರಾತ್ರಿ ನಾನು ಮಂಡಿ ಹಿಡ್ಕೊಂಡು ಕೂತಿರ್ತೀನಿ. ಅವನನ್ನ ಒಂದ್ಸಲ ನಮ್ಮನೆಗೆ ಕಳಿಸು."

ಗ್ರೂಪ್ ಅಲ್ಲಿಗೆ ತಣ್ಣಗಾಯಿತು. ನನ್ನ ತಲೆಗೆ ಮಾತ್ರ ಹುಳ ಬಿಟ್ಟ ಹಾಗಾಯಿತು. (ಬದನೆ ವಿಷಯದಲ್ಲಿ ಹುಳದ ಮಾತು ಬೇಡವಿತ್ತು, ಇರಲಿ.)

ದೊಡ್ಡಮ್ಮನ ಮಂಡಿಗೂ ಬದನೆಗೂ ಏನು ಸಂಬಂಧ ಅಂತ ಹೇಳುವುದಕ್ಕೆ ನಾನು ಡಾಕ್ಟರ್ ಅಲ್ಲ. ಆದರೆ ಹೆಸರಿನ ವಿಷಯದಲ್ಲಿ ಆ ಫಾರ್ವರ್ಡ್ ಪೂರ್ತಿ ಉಲ್ಟಾ. ಆ ಹೆಸರಿನಲ್ಲಿ ವಾತ ಇರಲೇ ಇಲ್ಲ. ಆಮೇಲೆ ಬಂದು ಅಂಟಿಕೊಂಡಿದ್ದು.

ನಮ್ಮ ತೋಟದ ಪಕ್ಕ ಕೇರಳದ ಒಬ್ಬರು ಚೇಟನ ಅಂಗಡಿ ಇದೆ. ಅವರು ಬದನೆಗೆ ವಳುದನ ಅನ್ನುತ್ತಾರೆ. ಆ ನಡುವಿನ ಅಕ್ಷರವನ್ನು ಅವರು ನಾಲಿಗೆ ಹಿಂದಕ್ಕೆ ಮಡಚಿ ಹೇಳುವುದು ನಮಗೆ ಬರುವುದಿಲ್ಲ. ತಮಿಳಿನವರು ಈಗ ಕತ್ತರಿಕ್ಕಾಯ್ ಅಂದರೂ ಅವರಲ್ಲಿ ಹಳೆಯ ಹೆಸರು ವಳುದುಣೈ. ಇವಕ್ಕೂ ನಮ್ಮ ಬದನೆಗೂ ಎಲ್ಲಿಯ ನಂಟು ಅನ್ನಿಸುತ್ತದೆ, ಅಲ್ವಾ? ನಿಧಾನಕ್ಕೆ ನೋಡಿ. ಅವರ 'ವ' ನಮ್ಮಲ್ಲಿ 'ಬ' ಆಗುತ್ತದೆ. ಅವರ ವೇರು ನಮ್ಮ ಬೇರು, ಅವರ ವಿಲ್ಲು ನಮ್ಮ ಬಿಲ್ಲು, ಅವರ ವೀಡು ನಮ್ಮ ಬೀಡು. ಇನ್ನು ಆ ಮಡಚಿದ ನಾಲಿಗೆಯ ಅಕ್ಷರ. ಹಳಗನ್ನಡದಲ್ಲಿ ಅದು ನಮಗೂ ಇತ್ತು, ೞ ಅಂತ. ಆಮೇಲೆ ಬಿಟ್ಟೆವು. 'ದ' ಮುಂದೆ ಬಂದಾಗಲಂತೂ ಅದನ್ನು ನುಂಗಿಯೇ ಬಿಟ್ಟೆವು. ಬೀಳು ಅನ್ನುವವರು ಬಿದ್ದ ಅನ್ನುತ್ತೇವೆ, ಏಳು ಅನ್ನುವವರು ಎದ್ದ ಅನ್ನುತ್ತೇವೆ. ಆ 'ಳ' ಎಲ್ಲಿ ಹೋಯಿತು ಅಂತ ಯಾವತ್ತಾದರೂ ಹುಡುಕಿದ್ದೇವಾ? ಬದನೆಯ ಹೊಟ್ಟೆಯೊಳಗೂ ಹಾಗೆ ನುಂಗಿದ ಒಂದು ೞ ಇದೆ.

ಇದನ್ನು ಓದಿದ ದಿನ ನಾನು ಅಡುಗೆಮನೆಯಲ್ಲಿ ಬದನೆ ಹೆಚ್ಚುತ್ತಾ ಒಬ್ಬನೇ "ಬಳ್‌ದನೆ, ಬದ್ದನೆ, ಬದನೆ" ಅಂದುಕೊಳ್ಳುತ್ತಿದ್ದೆ. ಮನೆಯವಳು ಬಾಗಿಲಲ್ಲಿ ನಿಂತು ನೋಡಿ ಸುಮ್ನೆ ಹೋದಳು.

ಈ ದಕ್ಷಿಣದ ಹೆಸರೇ ಸಂಸ್ಕೃತಕ್ಕೆ ಹೋಗಿ ವಾತಿಂಗಣ ಆಯಿತು ಅನ್ನುವುದು ಭಾಷೆ ಓದಿದವರ ಮಾತು. ಹೊರಗಿನ ಪದ. ಬೇರು ಸಿಗದು, ಅರ್ಥ ಬಿಡಿಸಲು ಬಾರದು. ಆದರೆ ಕಿವಿಗೆ 'ವಾತ' ಅಂತ ಕೇಳಿಸಿತು. ಅಷ್ಟು ಸಾಕಾಯಿತು. ಕೇಳಿದವರು ಗೊತ್ತಿಲ್ಲದ ಪದಕ್ಕೆ ಗೊತ್ತಿರುವ ಪದದ ಅಂಗಿ ತೊಡಿಸಿದರು. ಫಾರ್ವರ್ಡ್ ಮಾಡಿದವರು ಅಂಗಿಯನ್ನೇ ಆಸಾಮಿ ಅಂದುಕೊಂಡರು.

ಇದು ನಮ್ಮ ದೇಶದವರ ಚಾಳಿ ಮಾತ್ರ ಅಂದುಕೊಳ್ಳಬೇಡಿ. ಬದನೆ ಇಲ್ಲಿಂದ ಪಶ್ಚಿಮಕ್ಕೆ ಹೋಯಿತು. ಪರ್ಷಿಯಾದಲ್ಲಿ ಬಾದಿಂಗಾನ್, ಅರಬ್ಬರಲ್ಲಿ ಬಾದಿಂಜಾನ್. ಅರಬ್ಬರಿಂದ ಇಟಲಿಗೆ ಹೋದಾಗ ಮೆಲಂಜಾನಾ ಆಯಿತು. ಅಲ್ಲಿಯವರಿಗೂ ಅರ್ಥ ಬೇಕಲ್ಲ! ಅವರ ಭಾಷೆಯಲ್ಲಿ ಮೇಲಾ ಅಂದರೆ ಸೇಬು, ಇನ್ಸಾನಾ ಅಂದರೆ ಹುಚ್ಚು. ಮೆಲಂಜಾನಾವನ್ನು ಎಳೆದು 'ಮೇಲಾ ಇನ್ಸಾನಾ' ಮಾಡಿ ಹುಚ್ಚು ಸೇಬು ಅಂದರು. ತಿಂದರೆ ತಲೆ ಕೆಡುತ್ತದೆ ಅನ್ನುವ ಭಯ ಮೊದಲೇ ಇತ್ತು, ಹೆಸರು ಅದಕ್ಕೆ ಸಾಕ್ಷಿ ಹೇಳಿತು. ಇಂಗ್ಲಿಷಿನವರೂ ಒಂದು ಕಾಲದಲ್ಲಿ ಅದನ್ನು ಹುಚ್ಚು ಸೇಬು ಅಂತಲೇ ಕರೆಯುತ್ತಿದ್ದರು. ಅದೇ ಕಾಯಿ, ಒಂದು ಕಡೆ ವಾತಕ್ಕೆ ಮದ್ದು, ಇನ್ನೊಂದು ಕಡೆ ತಲೆಗೆ ಕೇಡು. ಎರಡೂ ಬರೀ ಕಿವಿಯ ಕೆಲಸ.

ಸ್ಪೇನ್ ಕಡೆ ಹೋದ ಪದಕ್ಕೆ ಅರಬ್ಬಿಯ 'ಅಲ್' ಕೂಡ ಅಂಟಿಕೊಂಡಿತು. ಕ್ಯಾಟಲಾನ್ ಭಾಷೆಯಲ್ಲಿ ಅಲ್ಬರ್ಜಿನಿಯಾ, ಅಲ್ಲಿಂದ ಫ್ರೆಂಚರ ಓಬರ್ಜಿನ್. ನಮ್ಮ ಕಡೆಯ ಒಂದು ರೆಸಾರ್ಟಿನ ಮೆನುವಿನಲ್ಲಿ ಈ ಓಬರ್ಜಿನ್ ನೋಡಿದ್ದೇನೆ. ಅದರ ಬೆಲೆ ಹೇಳಿದರೆ ದೊಡ್ಡಮ್ಮನಿಗೆ ನಿಜವಾಗಿಯೂ ವಾತ ಬರುತ್ತದೆ. ಪೋರ್ಚುಗೀಸರು 'ಅಲ್' ಬಿಟ್ಟು ಬೆರಿಂಜೆಲಾ ಅಂದರು. ಅವರು 1510ರಲ್ಲಿ ಗೋವಾ ಹಿಡಿದವರು. ನಮ್ಮ ಸ್ಕೂಲಿನ ಚಾರ್ಟಿನ 'ಬ್ರಿಂಜಾಲ್' ಇವರ ಬಾಯಿಂದ ಬಂದಿದ್ದು. ಅಂದರೆ ಇಲ್ಲಿಂದ ಒಂಟೆ ಹತ್ತಿ ಹೋದ ಪದ ಹಡಗು ಹತ್ತಿ ಇಲ್ಲಿಗೇ ವಾಪಸ್ ಬಂತು. ನಾವು ಗುರುತು ಹಿಡಿಯಲಿಲ್ಲ, ಇಂಗ್ಲಿಷ್ ಅಂತ ಉರು ಹೊಡೆದೆವು. ಲಂಡನ್ನಿನವರು ಓಬರ್ಜಿನ್ ಅನ್ನುತ್ತಾರೆ, ಅಮೆರಿಕದವರು ಎಗ್‌ಪ್ಲಾಂಟ್ ಅನ್ನುತ್ತಾರೆ. ಎಗ್‌ಪ್ಲಾಂಟ್ ಮೊದಲು ಮೊಟ್ಟೆಯಂಥ ಬಿಳಿ ಬದನೆಗೆ ಇಟ್ಟ ಹೆಸರು. ಅದರಲ್ಲಿ ನಿಜಕ್ಕೂ ಅರ್ಥ ಇದೆ, ಆದರೆ ಸಂತೆಯ ನೇರಳೆ ಬದನೆ ನೋಡಿದರೆ ಅದೂ ಸುಳ್ಳೇ. ನನಗೆ ಬಹಳ ಇಷ್ಟವಾದದ್ದು ವೆಸ್ಟ್ ಇಂಡೀಸಿನವರ ಹೆಸರು. ಬ್ರಿಂಜಾಲ್ ಅವರ ಕಿವಿಗೆ 'ಬ್ರೌನ್ ಜಾಲಿ' ಅಂತ ಕೇಳಿಸಿತು. ಕಂದು ಬಣ್ಣವೂ ಇಲ್ಲ, ಜಾಲಿಯೂ ಇಲ್ಲ. ಪಾಪದ ಬದನೆ!

ಇನ್ನೊಂದು ಫಾರ್ವರ್ಡ್ ಬರುವ ಮುಂಚೆ ಹೇಳಿಬಿಡುತ್ತೇನೆ. 'ಜಗತ್ತಿಗೆ ಬದನೆ ಕೊಟ್ಟದ್ದು ಕನ್ನಡ' ಅಂತ ಎದೆ ತಟ್ಟಿಕೊಳ್ಳುವುದೂ ಬೇಡ. ಆ ಪದ ಕನ್ನಡ, ತಮಿಳು, ಮಲಯಾಳ ಬೇರೆ ಬೇರೆ ಒಲೆ ಹೂಡುವ ಮುಂಚಿನದು. ಅವರದೂ ಹೌದು, ನಮ್ಮದೂ ಹೌದು. ಮತ್ತೆ, ಬದನೆ ಅಂದರೆ ಬದನೆ. ಒಳಗೆ ಬೀಜ ಇದೆ, ಗುಟ್ಟು ಇಲ್ಲ. ಇದೆಲ್ಲ ಪುಸ್ತಕದ ಬದನೆಕಾಯಿ ಅಂತ ನೀವು ನಗಬಹುದು. ಈ ಒಂದು ವಿಷಯದಲ್ಲಿ ಆ ಬೈಗುಳ ನನಗೆ ತಾಗುವುದಿಲ್ಲ.

ಪುಸ್ತಕದ ಹೊರಗಿನದೂ ಒಂದಿದೆ. ನಮ್ಮ ಲೈನ್‌ಮನೆಯಲ್ಲಿ ಈಗ ಅಸ್ಸಾಮಿನ ಒಂದು ಸಂಸಾರ ಇದೆ. ಕಾಫಿ ಕೊಯ್ಲಿಗೆ ಬಂದವರು ಉಳಿದುಕೊಂಡರು. ಜೋರು ಮಳೆಯ ತಿಂಗಳುಗಳಲ್ಲಿ ನಮ್ಮ ಕಡೆ ಬದನೆ ಗಿಡ ಕೊಳೆತು ಹೋಗುತ್ತದೆ. ಮಳೆ ಬಿಟ್ಟ ಮೇಲೆ ಆ ಹೆಂಗಸು ಮನೆ ಹಿಂದೆ ನಾಲ್ಕು ಸಾಲು ನೆಟ್ಟಿದ್ದಾಳೆ. ಒಂದು ದಿನ ಚೀಲದಲ್ಲಿ ಎಳೆಯ ಕಾಯಿ ತಂದುಕೊಟ್ಟು "ಬೆಂಗೇನಾ" ಅಂದಳು. ನಾನು ಬದನೆ ಅಂದೆ. ಅವಳು ನಕ್ಕಳು. ಬೈಂಗನ್, ಬೇಗುನ್, ಬೆಂಗೇನಾ ಎಲ್ಲ ಆ ವಾತಿಂಗಣದ ಮಕ್ಕಳೇ. ಅವಳಿಗೆ ಇದನ್ನೆಲ್ಲ ಹೇಳುವಷ್ಟು ಹಿಂದಿ ನನಗೆ ಬರುವುದಿಲ್ಲ.

ಬದಲಿಗೆ ಏನಾದರೂ ಕೊಡಬೇಕಲ್ಲ. ಚಪ್ಪರದಲ್ಲಿ ಸೀಮೆಬದನೆ ಜೋತಾಡುತ್ತಿತ್ತು, ನಾಲ್ಕು ಕಿತ್ತುಕೊಟ್ಟೆ. ಇದು ಬದನೆಯ ಜಾತಿಯೇ ಅಲ್ಲ, ಸೌತೆಯ ಬಳಗ. ಮೆಕ್ಸಿಕೋ ಕಡೆಯದು, ಅಲ್ಲಿ ಚಯೋತೆ. ಸೀಮೆಎಣ್ಣೆ, ಸೀಮೆಸುಣ್ಣ ಅಂದ ಹಾಗೆ ಹೊರಗಿಂದ ಬಂದದ್ದಕ್ಕೆ 'ಸೀಮೆ' ಹಚ್ಚಿ, ಗೊತ್ತಿದ್ದ ಬದನೆಯ ಹೆಸರು ಜೋಡಿಸಿದ್ದೇವೆ. ತೆಲುಗಿನವರಿಗೆ ಇದು ಬೆಂಗಳೂರು ವಂಕಾಯ. ಅವರಿಗೆ ಬೆಂಗಳೂರೇ ಸೀಮೆ ಅಂತ ಕಾಣುತ್ತದೆ. ಅಂಗಡಿಯಲ್ಲಿ ಚೌಚೌ. ಚೌಚೌ ಭಾತಿನಲ್ಲಿ ಇದನ್ನು ಹುಡುಕಬೇಡಿ.

ಅವಳು ಕಾಯಿ ತಿರುಗಿಸಿ ನೋಡಿ "ಸ್ಕ್ವಾಶ್!" ಅಂದಳು. ಅವರ ಊರಿನಲ್ಲಿ ಹಾಗೇ ಕರೆಯುತ್ತಾರಂತೆ. ಕೊಡಗಿನವನಿಗೆ ಸ್ಕ್ವಾಶ್ ಅಂದರೆ ಬಾಟಲಿಯ ಕಿತ್ತಳೆ ಪಾನಕ. ಬಾಯಾರಿಕೆ ಆಗಿರಬೇಕು ಅಂತ ನಾನು ಒಳಗೆ ಹೋಗಿ ಒಂದು ಲೋಟ ಸ್ಕ್ವಾಶ್ ಕಲಸಿ ತಂದೆ. ಅವಳು ಒಂದು ಕೈಯಲ್ಲಿ ಲೋಟ, ಇನ್ನೊಂದು ಕೈಯಲ್ಲಿ ಸೀಮೆಬದನೆ ಹಿಡಿದು ನನ್ನ ಮುಖವನ್ನೇ ನೋಡುತ್ತಾ ಕುಡಿದಳು.