ಗುರಿ ಅವಳದು, ಗುಂಡು ಅವನದು

ಬಾಂಬಿಗೆ ಗಂಡು ಹೆಣ್ಣೆಂಬ ಭೇದವಿಲ್ಲ ಎನ್ನುವುದು ನಮ್ಮ ನಿಮ್ಮಂಥವರ ತಿಳಿವಳಿಕೆ. 1939ರ ಬ್ರಿಟಿಷ್ ಸರ್ಕಾರ ನಮಗಿಂತ ಬುದ್ಧಿವಂತ. ಎರಡನೆಯ ಮಹಾಯುದ್ಧ ಶುರುವಾದ ವರ್ಷವೇ ಅದು ಬಾಂಬ್ ದಾಳಿಯಲ್ಲಿ ಗಾಯಗೊಂಡ ನಾಗರಿಕರಿಗೆ ಪರಿಹಾರ ಕೊಡುವ ಕಾನೂನು ತಂದಿತು. ದರಪಟ್ಟಿಯಲ್ಲಿ ಹೆಂಗಸಿಗೆ ವಾರಕ್ಕೆ ಏಳು ಶಿಲ್ಲಿಂಗ್ ಕಡಿಮೆ. ಅಣ್ಣ ತಂಗಿ ಇಬ್ಬರೂ ಒಂದೇ ಕಾರ್ಖಾನೆಯಲ್ಲಿ ದುಡಿಯುತ್ತಿದ್ದು, ಒಂದೇ ಗೋಡೆ ಇಬ್ಬರ ಮೇಲೂ ಬಿದ್ದು, ಇಬ್ಬರ ಎಡಗಾಲೂ ಮುರಿಯಿತು ಅಂತಿಟ್ಟುಕೊಳ್ಳಿ. ಅಣ್ಣನ ಕಾಲು ದುಬಾರಿ, ತಂಗಿಯ ಕಾಲು ಅಗ್ಗ. ಈ ದರಪಟ್ಟಿ ಜರ್ಮನ್ ಪೈಲಟ್‌ಗಳ ಕೈಗೆ ಸಿಕ್ಕಿದ್ದರೆ ಬ್ರಿಟಿಷ್ ಖಜಾನೆಗೆ ನಷ್ಟ ಹೆಚ್ಚಲಿ ಅಂತ ಗಂಡಸರನ್ನೇ ಆರಿಸಿ ಆರಿಸಿ ಬಾಂಬ್ ಹಾಕುತ್ತಿದ್ದರೇನೋ. ಲೇಬರ್ ಪಕ್ಷದ ಎಡಿತ್ ಸಮ್ಮರ್‌ಸ್ಕಿಲ್, ಕನ್ಸರ್ವೇಟಿವ್ ಪಕ್ಷದ ಮೇವಿಸ್ ಟೇಟ್ ಮುಂತಾದ ಸಂಸದೆಯರು ಪಕ್ಷ ಬದಿಗಿಟ್ಟು ಜಗಳಕ್ಕೆ ನಿಂತರು. 1943ರಲ್ಲಿ ಎರಡೂ ಕಾಲಿಗೆ ಒಂದೇ ಬೆಲೆ ಬಂತು. ಲಂಡನ್ನಿನ ಮೇಲೆ ದಿನವೂ ಬಾಂಬ್ ಸುರಿದ ಕಾಲ ಅಷ್ಟರಲ್ಲಿ ಮುಗಿದಿತ್ತು ಅನ್ನುವುದು ಬೇರೆ ಮಾತು.

ಸರ್ಕಾರಿ ಗುಮಾಸ್ತೆ ಮದುವೆಯಾದರೆ ರಾಜೀನಾಮೆ ಕೊಟ್ಟು ಮನೆಗೆ ಹೋಗಬೇಕು ಎಂದು ನಿಯಮ ಇಟ್ಟುಕೊಂಡಿದ್ದ ದೇಶ ಅದು. ಅದೇ ದೇಶ 1941ರ ಡಿಸೆಂಬರ್‌ನಲ್ಲಿ, ಇಪ್ಪತ್ತರಿಂದ ಮೂವತ್ತರೊಳಗಿನ ಅವಿವಾಹಿತೆಯರೆಲ್ಲ ಮನೆಯಿಂದ ಹೊರಗೆ ಬನ್ನಿ ಎಂದು ಕಾಯಿದೆ ಮಾಡಿತು. ಅಧಿಕಾರಿಗಳು ಹೆಂಗಸರ ಪಟ್ಟಿ ತಯಾರಿಸಿ, ಬೇರೆ ಊರಿಗೆ ಕಳಿಸಬಹುದಾದವರು ಮತ್ತು ಕಳಿಸಬಾರದವರು ಎಂದು ವಿಂಗಡಿಸಿದರು. ನಮ್ಮ ಸಬ್‌ರಿಜಿಸ್ಟ್ರಾರ್ ಕಚೇರಿಯವರು ಇದ್ದಿದ್ದರೆ ಚರಾಸ್ತಿ, ಸ್ಥಿರಾಸ್ತಿ ಎಂದು ಒಂದೇ ಸಾಲಿನಲ್ಲಿ ಮುಗಿಸುತ್ತಿದ್ದರು. ಸೈನಿಕನ ಹೆಂಡತಿ ಸ್ಥಿರಾಸ್ತಿ. ಗಂಡ ಈಜಿಪ್ಟಿನಲ್ಲೋ ಬರ್ಮಾದಲ್ಲೋ ಇದ್ದರೂ ಅವನ ಮನೆ ಅಲ್ಲೇ ಇರಬೇಕಲ್ಲ!

ಇಷ್ಟಾದರೂ ನನ್ನನ್ನು ಬೆರಗುಗೊಳಿಸಿದ್ದು ವಿಮಾನ ಹೊಡೆಯುವ ತೋಪುಗಳ ಕಥೆ. ಗಂಡಸರು ಸಾಲದೆ ಹೋದಾಗ ಜನರಲ್ ಫ್ರೆಡರಿಕ್ ಪೈಲ್ ತೋಪಿನ ದಳಗಳಿಗೆ ಹೆಂಗಸರನ್ನೂ ಸೇರಿಸಿಕೊಂಡ. ಪ್ರಧಾನಿ ಚರ್ಚಿಲ್ ಅವರ ಮಗಳು ಮೇರಿಯೇ ಲಂಡನ್ನಿನ ಹೈಡ್ ಪಾರ್ಕಿನಲ್ಲಿ ಇಂಥ ಒಂದು ದಳದಲ್ಲಿದ್ದರು. ರಾತ್ರಿ ಆಕಾಶದಲ್ಲಿ ಶತ್ರು ವಿಮಾನ ಹುಡುಕುವವಳು ಹುಡುಗಿ. ಅದರ ಎತ್ತರ ಅಳೆಯುವವಳು ಹುಡುಗಿ. ಗುಂಡು ಮೇಲೆ ಮುಟ್ಟುವ ಹೊತ್ತಿಗೆ ವಿಮಾನ ಎಲ್ಲಿರುತ್ತದೆ ಎಂದು ಯಂತ್ರದ ಮುಂದೆ ನಿಂತು ಲೆಕ್ಕ ಹಾಕುವವಳೂ ಹುಡುಗಿಯೇ. ಎಲ್ಲ ಸಿದ್ಧವಾಯಿತೋ, ತೋಪು ಹಾರಿಸಲು ಮಾತ್ರ ಒಬ್ಬ ಗಂಡಸು ಬರಬೇಕು. ಹೆಣ್ಣು ಕೊಲ್ಲಬಾರದು ಎಂದು ರಾಜಾಜ್ಞೆ. ಮದುವೆ ಮನೆಯಲ್ಲಿ ಬೆಳಗಿನ ಜಾವದಿಂದ ಬೆಂದು ಅಡುಗೆ ಮಾಡಿದವಳನ್ನು ಹಿಂದೆ ಸರಿಸಿ, ಯಾರೋ ಒಬ್ಬ ತುಪ್ಪದ ಗಿಂಡಿ ಹಿಡಿದು ಬಂದು “ಹೇಗಿದೆ ನಮ್ಮ ಅಡುಗೆ?” ಎಂದ ಹಾಗೆ. ಮೇಲಿಂದ ಬೀಳುವ ಬಾಂಬಿಗೆ ಈ ರಾಜಾಜ್ಞೆ ತಲುಪಿರಲಿಲ್ಲ, ದಳದ ಹುಡುಗಿಯರು ಸತ್ತರು ಕೂಡ. ಸಂಬಳ? ಗಂಡಸಿನದರ ಮೂರರಲ್ಲಿ ಎರಡು ಪಾಲು. ತೋಪು ಹಾರಿಸದ್ದಕ್ಕೆ ಅಷ್ಟು ಕಡಿತ ಇರಲೇಬೇಕು ಬಿಡಿ.

ಊರು ಕಾಯುವ ಹೋಂ ಗಾರ್ಡ್‌ನಲ್ಲೂ ಇದೇ ವ್ಯವಸ್ಥೆ. ಬಹಳ ಯೋಚಿಸಿ 1943ರಲ್ಲಿ ಹೆಂಗಸರನ್ನು ಒಳಗೆ ಬಿಟ್ಟುಕೊಂಡರು. ಅಡುಗೆ, ಬರವಣಿಗೆ, ವಾಹನ ಚಾಲನೆ ಅವರ ಪಾಲು. ಸಮವಸ್ತ್ರ ಇಲ್ಲ, ಬಂದೂಕಿನ ತರಬೇತಿ ಇಲ್ಲ, ಎದೆಗೆ ಸಿಕ್ಕಿಸಿಕೊಳ್ಳಲು ಒಂದು ಪ್ಲಾಸ್ಟಿಕ್ ಬಿಲ್ಲೆ ಉಂಟು. ಹಿಟ್ಲರನ ಸೈನಿಕ ಪ್ಯಾರಾಚೂಟಿನಲ್ಲಿ ಇಳಿದರೆ ಬಿಲ್ಲೆ ತೋರಿಸಿ, ಚಹಾ ಕೊಟ್ಟು, ಗಂಡಸರು ಬರುವವರೆಗೆ ಕೂರಿಸಿಕೊಳ್ಳಬೇಕಿತ್ತು ಅಂತ ಕಾಣುತ್ತದೆ.

ಕಾರ್ಖಾನೆಗೆ ಬನ್ನಿ. 1940ರಲ್ಲಿ ಎಂಜಿನಿಯರಿಂಗ್ ಮಾಲೀಕರೂ ಕಾರ್ಮಿಕ ಸಂಘವೂ ಕೂತು ಉದಾರವಾದ ಒಪ್ಪಂದ ಬರೆದುಕೊಂಡರು. ಗಂಡಸಿನ ಜಾಗಕ್ಕೆ ಬಂದ ಹೆಂಗಸು 32 ವಾರ ಕಳೆದ ಮೇಲೆ ಗಂಡಸಿನ ಕೂಲಿಯನ್ನೇ ಪಡೆಯಬಹುದು, ಹೆಚ್ಚಿನ ಮೇಲ್ವಿಚಾರಣೆ ಅಥವಾ ಸಹಾಯ ಇಲ್ಲದೆ ಕೆಲಸ ಮಾಡಿದರೆ. ಕೊನೆಯ ಆ ನಾಲ್ಕು ಮಾತು ನೋಡಿ, ಒಪ್ಪಂದದ ಜೀವವೇ ಅಲ್ಲಿದೆ. ಯಂತ್ರ ಹೊಂದಿಸಲು ಒಬ್ಬ ಗಂಡಸು ಬಂದು ಒಂದು ಸ್ಕ್ರೂ ತಿರುಗಿಸಿ ಹೋದರೂ ಅದು ಸಹಾಯವೇ ತಾನೇ? ಕೂಲಿ ಉಳಿಯಿತು. 1943ರಲ್ಲಿ ಗ್ಲಾಸ್ಗೋ ಹತ್ತಿರ ಹಿಲ್ಲಿಂಗ್ಟನ್‌ನ ರೋಲ್ಸ್ ರಾಯ್ಸ್ ಕಾರ್ಖಾನೆಯ ಹೆಂಗಸರು ಕೂಲಿಯ ವಿಷಯಕ್ಕೆ ಕೆಲಸ ನಿಲ್ಲಿಸಿ ಬೀದಿಗಿಳಿದರು, ಅನೇಕ ಗಂಡಸರೂ ಜೊತೆಗೆ ನಿಂತರು. ಕಡೆಗೆ ರಾಜಿಯಾದದ್ದು ಹೇಗೆ ಗೊತ್ತೇ? ನಡೆಸುವವರು ಯಾರೇ ಇರಲಿ, ಯಂತ್ರ ನೋಡಿ ಕೂಲಿ. ಮನುಷ್ಯರ ನಡುವೆ ಸಿಗದ ಸಮಾನತೆ ಲೇಥು ಮಿಷನ್ನಿನ ಕೃಪೆಯಿಂದ ಸಿಕ್ಕಿತು.

ಈ ಲೆಕ್ಕಾಚಾರಕ್ಕೆ ಸಂಸತ್ತಿನಲ್ಲಿ ಒಮ್ಮೆ ಮಾತ್ರ ಕಲ್ಲು ಬಿತ್ತು. 1944ರ ಮಾರ್ಚ್‌ನಲ್ಲಿ ಶಿಕ್ಷಣ ಮಸೂದೆ ಚರ್ಚೆಗೆ ಬಂದಾಗ, ಆಡಳಿತ ಪಕ್ಷದವರೇ ಆದ ಥೆಲ್ಮಾ ಕ್ಯಾಸಲೆಟ್-ಕೀರ್ ಎಂಬ ಸಂಸದೆ, ಶಿಕ್ಷಕಿಗೂ ಶಿಕ್ಷಕನಿಗೂ ಒಂದೇ ಸಂಬಳ ಎಂದು ತಿದ್ದುಪಡಿ ತಂದರು. 117ಕ್ಕೆ 116, ಒಂದು ಮತದಲ್ಲಿ ಗೆದ್ದೂ ಬಿಟ್ಟರು. ಫ್ರಾನ್ಸಿನ ಡನ್‌ಕರ್ಕ್‌ನಿಂದ ಸೇನೆ ಹಿಮ್ಮೆಟ್ಟಿ ಬಂದಾಗಲೂ ಹೆದರದ, ಲಂಡನ್ನಿನ ಬೆಂಕಿಗೆ ಹೆದರದ ಚರ್ಚಿಲ್ ಮೇಡಂಗಳ ಸಂಬಳಕ್ಕೆ ಹೆದರಿದರು. ಇದು ನನ್ನ ಸರ್ಕಾರದ ಮೇಲಿನ ವಿಶ್ವಾಸದ ಪ್ರಶ್ನೆ, ತಿದ್ದುಪಡಿ ಕಿತ್ತುಹಾಕಿ, ಇಲ್ಲವೇ ನನ್ನನ್ನು ಕಳಿಸಿ ಎಂದು ಪಟ್ಟು ಹಿಡಿದರು. ನಾರ್ಮಂಡಿಯ ತೀರಕ್ಕೆ ಸೇನೆ ಇಳಿಸುವ ಸಿದ್ಧತೆ ನಡೆದಿದ್ದ ದಿನಗಳವು. ಅಂಥ ಹೊತ್ತಿನಲ್ಲಿ ಪ್ರಧಾನಿಯನ್ನು ಕಳಿಸುವ ಎದೆ ಯಾರಿಗಿತ್ತು? ಎರಡೇ ದಿನದಲ್ಲಿ ತಿದ್ದುಪಡಿ ಮಾಯ.

ಯುದ್ಧ ಮುಗಿಯಿತು. ಲಂಡನ್ನಿನ ವಾಟರ್‌ಲೂ ಸೇತುವೆಯ ಕೆಲಸದಲ್ಲಿ ಯುದ್ಧಕಾಲದುದ್ದಕ್ಕೂ ಎಷ್ಟೋ ಹೆಂಗಸರು ದುಡಿದಿದ್ದರು. 1945ರ ಡಿಸೆಂಬರ್‌ನಲ್ಲಿ ಅದನ್ನು ಉದ್ಘಾಟಿಸಿದ ಮಂತ್ರಿ ಹರ್ಬರ್ಟ್ ಮಾರಿಸನ್, ಈ ಸೇತುವೆ ಕಟ್ಟಿದ ಗಂಡಸರು ಭಾಗ್ಯವಂತರು, ಅವರ ಹೆಸರು ಮರೆತುಹೋದರೂ ಕೆಲಸ ಉಳಿಯುತ್ತದೆ ಎಂದು ಹೊಗಳಿದರು. ಹೆಸರು ಮರೆಯುವ ಕೆಲಸವನ್ನು ಮಂತ್ರಿಗಳು ಅಲ್ಲೇ, ವೇದಿಕೆಯ ಮೇಲೆಯೇ ಶುರು ಮಾಡಿದ್ದರು.

ಮದುವೆಯಾದರೆ ಮನೆಗೆ ಎನ್ನುವ ನಿಯಮವನ್ನು ಸರ್ಕಾರಿ ಕಚೇರಿಗಳು 1946ರಲ್ಲಿ ಕೈಬಿಟ್ಟವು. ವಿದೇಶಾಂಗ ಸೇವೆ ಮಾತ್ರ ಅವಸರ ಮಾಡಲಿಲ್ಲ, 1973ರವರೆಗೂ ಯೋಚಿಸಿತು. ಅತ್ತೆ ಮನೆಯಲ್ಲಿ ಸಂಸಾರ ನಡೆಸಿದವಳಿಗೆ ಸಂಧಾನ, ಒಪ್ಪಂದ, ಗಡಿ ತಂಟೆ ಎಲ್ಲ ಎಲ್ಲಿ ಗೊತ್ತಾಗಬೇಕು ಹೇಳಿ!