ಜೋಗಕ್ಕೊಂದು ಮೋಟ್ರು ಕೂರ್ಸಿ

365 ದಿನವೂ ಜೋಗ ಧುಮುಕಿಸೋ ಐಡಿಯಾ ಆಗಾಗ ಎದ್ದು ಬರುತ್ತಲ್ಲ, ಕೆಳಗೆ ಬಿದ್ದ ನೀರನ್ನೇ ಪಂಪ್ ಮಾಡಿ ಮೇಲಕ್ಕೆತ್ತಿ ವಾಪಸ್ ಬೀಳ್ಸೋದು, ಅದನ್ನ ನೆನೆಸ್ಕೊಂಡಾಗೆಲ್ಲ ನಂಗೆ ಎದೆ ಉಬ್ಬುತ್ತೆ. 253 ಮೀಟರ್ ಸ್ವಾಮಿ, ಹಳೇ ಲೆಕ್ಕದಲ್ಲಿ 830 ಅಡಿ! ನಮ್ಮ ತೋಟದ ಬೋರಿಗೆ ತ್ರೀ ಫೇಸ್ ಬರೋದೇ ಮಧ್ಯರಾತ್ರಿ, ಟಾರ್ಚ್ ಹಿಡ್ಕೊಂಡು ಹೋಗಿ ಸ್ಟಾರ್ಟರ್ ಒತ್ತಬೇಕು. ಜೋಗದ ರಾಜನಿಗೆ ಹಗಲೊತ್ತೇ ಕೊಡ್ತಾರೇನೋ, ಟೂರಿಸ್ಟು ರಾತ್ರಿ ಬರಲ್ವಲ್ಲ.

ಮೊದ್ಲು ಅದು ತಾನಾಗೇ ಬೀಳ್ತಿತ್ತು ಬಿಡಿ. ಅಂಬುತೀರ್ಥದಲ್ಲಿ ಸೀತೆಗೆ ಬಾಯಾರಿದಾಗ ರಾಮ ಬಾಣ ಹೊಡೆದು ಶರಾವತೀನ ಬರಿಸಿದ್ನಂತೆ, ಈಗ ಲಿಂಗನಮಕ್ಕಿ ಗೇಟ್ ಎತ್ತಿದ್ರೆ ಬರ್ತಾಳೆ. 1964ರಲ್ಲಿ ಡ್ಯಾಂ ಆಯ್ತು, ಹೊಳೆ ತಲಕಳಲೆ ಜಲಾಶಯದ ಕಡೆ ತಿರುಗಿ ಪವರ್‌ಹೌಸಿಗೆ ಹೋಯ್ತು, ಬೇಸಿಗೇಲಿ ಜೋಗಕ್ಕೆ ಉಳಿದಿದ್ದು ಕರೀ ಬಂಡೆ, ಅದರ ಮೇಲೆ ಅಲ್ಲೊಂದು ಇಲ್ಲೊಂದು ಬಿಳೀ ದಾರ. ಈಗ ಆ ಕರೆಂಟಲ್ಲೇ ನೀರೆತ್ತಿ ಬೀಳ್ಸಿ ಟಿಕೆಟ್ ಹರೀಬೇಕು. ಎತ್ತೋಕೆ ಬೇಕಾಗೋ ಕರೆಂಟು ಬೀಳೋವಾಗ ಹುಟ್ಟೋದಕ್ಕಿಂತ ಜಾಸ್ತಿನೇ, ಆದ್ರೂ ಇದೇ ಕಣಿವೇಲಿ, ಸಿಂಗಳೀಕನ ಕಾಡೊಳಗೆ, 2000 ಮೆಗಾವ್ಯಾಟಿನ ಪಂಪ್ಡ್ ಸ್ಟೋರೇಜ್, ಅಂದ್ರೆ ಕೆಳಗಿನ ನೀರನ್ನ ಮೇಲೆತ್ತಿಟ್ಟು ಬೇಕಾದಾಗ ಇಳಿಸಿ ಕರೆಂಟ್ ಮಾಡೋ ಯೋಜನೆ, ಬೇಕಂತೆ. ಇಳಿಯೋ ನೀರನ್ನ ಹತ್ತಿಸದೆ ನಮಗೆ ನಿದ್ದೆ ಬರಲ್ಲ.

ಮಳೆಗಾಲಕ್ಕೆ ಹೋಗಿ ಅಂತೀರಾ? ಹೋಗಿದ್ದೆ. ಕಿವಿ ತುಂಬ ಸದ್ದು, ಕಣ್ಣೆದುರು ಬಿಳೀ ಪಂಚೆ ಒಣಗಿ ಹಾಕ್ದಂಗೆ ಮಂಜು. ಜೋಳ ಸುಡ್ತಿದ್ದೋನು 'ಐದ್ ನಿಮ್ಷ ತಡೀರಿ ಸಾರ್, ಸರಿಯುತ್ತೆ' ಅಂದ. ಎರಡು ಜೋಳ ತಿಂದೆ, ಕೊಡೆ ಎರಡು ಸಲ ತಿರುವಿ ಹೋಯ್ತು, ಮಂಜು ಸರೀಲಿಲ್ಲ, ಪಕ್ಕದೋರು ಮಾತ್ರ ಮಗೂಗೆ 'ಅದೇ ನೋಡು ರಾಣಿ' ಅಂತ ಬರೀ ಮೋಡ ತೋರಿಸ್ತಿದ್ರು.

ಜೋಗದ ನಾಲ್ಕು ಧಾರೆಗಳ ಹೆಸರುಗಳು ಮಜಾ ಇವೆ. ರಾಜ ಒಂದೇ ಏಟಿಗೆ ಹಾರ್ತಾನೆ, ರೋರರ್ ಅಬ್ಬರಿಸ್ಕೊಂಡು ಹೋಗಿ ನಡುವಲ್ಲಿ ಅವನಿಗೇ ಸೇರ್ಕೊಳ್ತಾನೆ, ರಾಕೆಟ್ ಪಿಚಕಾರಿ, ರಾಣಿ ಬಂಡೆ ಮೇಲೆ ನಿಧಾನಕ್ಕೆ ಜಾರ್ತಾಳೆ. ಎಲ್ಲಾ ರಕಾರ. ಅದೇ ಪ್ರಾಸಕ್ಕೆ ರೋಪ್‌ವೇ ಬರುತ್ತಂತೆ, ರೆಸಾರ್ಟೂ ಬರುತ್ತಂತೆ. ಆರ್‌ಟಿಸಿ ಮಾತ್ರ ಬರ್ಲಿಲ್ಲ.

ಅದೇ, ಪಹಣಿ. ಡ್ಯಾಂಗೆ ಮನೆ ಗದ್ದೆ ಮುಳುಗಿಸ್ಕೊಂಡು ಲಾರಿ ಹತ್ತಿ ಕಾಡಿಗೆ ಬಂದೋರಲ್ಲಿ ಎಷ್ಟೋ ಜನ ಹಕ್ಕುಪತ್ರ ಕಾಣ್ದೆ ಸತ್ತೇ ಹೋದ್ರು, ಈಗ ಮೊಮ್ಮಕ್ಕಳು ಅದೇ ಫೈಲ್ ಹಿಡ್ಕೊಂಡು ಅಲೀತಿದಾರೆ. ಡೀಮ್ಡ್ ಫಾರೆಸ್ಟ್ ಅಂತಾರೆ, ಕಾಡಿನ ಪಟ್ಟಿಯಿಂದ ಡಿನೋಟಿಫೈ ಅಂತಾರೆ, ಅಧಿವೇಶನ ಆಗ್ಲಿ ಅಂತಾರೆ. 60 ವರ್ಷ ಆಯ್ತಲ್ರೀ, ನಾಚಿಕೆ ಆಗಲ್ವಾ? ಇದನ್ನ ತಮಾಷೆ ಮಾಡಿ ಬರಿಯೋಕೂ ನಂಗೆ ಬೇಜಾರಾಗೋಗಿದೆ.

ಹೋಗ್ಲಿ, ಮೋಟ್ರು ಕೂರ್ಸೋವಾಗ ಕಂಡೆನ್ಸರ್ ಒಂದೆರಡು ಜಾಸ್ತಿ ಇಟ್ಕೊಂಡಿರಿ. ಇಲ್ಲಿ ಸಂಜೆ ಹೊತ್ತು ವೋಲ್ಟೇಜ್ ಇರಲ್ಲ.